ಮೈಸೂರು ಅರಮನೆಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೊರಟಿದ್ದೀಯ, ಅರಮನೆಗೆ ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಕೇಳಿದ್ದೀಯ. ಬಹಳ ಜನ ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತಾರೆ. ಹಿಂದಿನ ಸಾಲು ತಳ್ಳುತ್ತದೆ, ಮುಂದಿನ ಸಾಲು ಎಳೆಯುತ್ತದೆ, ಕಾಲು ತಾನಾಗಿ ಸಾಗುತ್ತದೆ. ನೀನು ಎರಡೂವರೆ ಗಂಟೆ ಇಟ್ಟುಕೋ.

ಒಳಗೆ ಹೋಗುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಇದು ಬೆಂಕಿಯಿಂದಾಗಿ ಹುಟ್ಟಿದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಇನ್ನೂ ಹುಡುಗ. ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದವರದ್ದು. ಹೊಸ ಅರಮನೆಯ ಕೆಲಸವನ್ನು ಅದೇ ವರ್ಷ ಅವರು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. ಮುಗಿದದ್ದು 1912ರಲ್ಲಿ, ಖರ್ಚು 41,47,913 ರೂಪಾಯಿ. ಮರ ಇದ್ದ ಜಾಗಕ್ಕೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ ಬಂದವು. ಪ್ರತಿ ಅಂಕಣದಲ್ಲೂ ‘ಇಲ್ಲಿ ಭಾರ ಹೊತ್ತಿರುವುದು ಯಾವುದು?’ ಎಂದು ಕೇಳಿಕೊಳ್ಳುತ್ತಾ ನಡೆ. ಆಗ ಈ ಕಟ್ಟಡ ಬೇರೆಯೇ ಆಗಿ ಕಾಣುತ್ತದೆ.

ಜನ ಮೊದಲು ಎಡವುವುದು ಬಾಗಿಲಲ್ಲೇ. ಕೋಟೆ ಆಂಜನೇಯಸ್ವಾಮಿ ಗುಡಿಯ ಎದುರಿನದು ಉತ್ತರದ ಬಲರಾಮ–ಜಯರಾಮ ದ್ವಾರ. ಆಟೋದವರಿಗೆ ಬರೀ ‘ಅರಮನೆ’ ಎಂದರೆ ಅಲ್ಲೇ ಇಳಿಸಿಬಿಡಬಹುದು. ಪ್ರವಾಸಿಗರಿಗೆ ಟಿಕೆಟ್ ಮತ್ತು ಪ್ರವೇಶ ಇರುವುದು ದಕ್ಷಿಣದ ವರಾಹ ದ್ವಾರದ ಕಡೆ. ಅಮ್ಮ ಬಿಸಿಲಲ್ಲಿ ಕೋಟೆ ಸುತ್ತುವುದು ಬೇಡ, ‘ವರಾಹ ಗೇಟು’ ಎಂದೇ ಹೇಳು. ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಆ ಹೊತ್ತಿಗೇ ನಿಂತಿರು. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನಕ್ಕೆ ಅಂಗಳದ ಕಲ್ಲು ಕಾಲು ಸುಡುತ್ತದೆ. ಹಾಗೆಂದು ಅಮ್ಮನಿಗೆ ಕಾಲುಚೀಲ ಹಾಕಿಸಬೇಡ, ಒಳಗಿನ ನುಣುಪು ನೆಲದಲ್ಲಿ ಜಾರುತ್ತದೆ. ಮೇಲಂತಸ್ತಿಗೆ ಮೆಟ್ಟಿಲು ಹತ್ತಬೇಕು, ಮಂಡಿನೋವಿದ್ದರೆ ಅದಕ್ಕೂ ಹೊತ್ತು ಕೊಡು. ಇನ್ನೊಂದು ಕಾರಣಕ್ಕೂ ಬೆಳಿಗ್ಗೆಯೇ ಒಳ್ಳೆಯದು: ಅರಮನೆಯ ಮುಖ ಪೂರ್ವಕ್ಕಿದೆ. ಮಧ್ಯಾಹ್ನದ ಮೇಲೆ ಸೂರ್ಯ ಕಟ್ಟಡದ ಹಿಂದೆ ಹೋಗುವುದರಿಂದ ಎದುರಿನ ಫೋಟೊ ಕಪ್ಪಾಗಿ ಬೀಳುತ್ತದೆ.

ಗೊಂಬೆಗಳನ್ನು ಇಟ್ಟಿರುವ ಗೊಂಬೆ ತೊಟ್ಟಿಯಲ್ಲಿ ಅಂಬಾರಿಯ ಮುಂದೆ ಎಲ್ಲರೂ ಕೇಳುವುದು ಚಿನ್ನ ಎಷ್ಟು ಕಿಲೋ ಎಂದು. ಒಳಗಿರುವುದು ಮರದ ಚೌಕಟ್ಟು, ಮೇಲೆ ಚಿನ್ನದ ತಗಡು; ಒಟ್ಟು ತೂಕ ಸುಮಾರು 750 ಕಿಲೋ. ನೀನು ಅದರ ಮೇಲಿರುವ ಎರಡು ಪುಟ್ಟ ದೀಪಗಳನ್ನು ಹುಡುಕು, ಒಂದು ಕೆಂಪು, ಒಂದು ಹಸಿರು. ಮೇಲೆ ಕೂತ ಮಹಾರಾಜರು ಮಾವುತನಿಗೆ ನಿಲ್ಲಿಸು, ನಡೆಸು ಎಂದು ಸೂಚನೆ ಕೊಡಲು ಮಾಡಿಕೊಂಡ ವ್ಯವಸ್ಥೆ ಅದು. ಅಷ್ಟು ಗದ್ದಲದ ಮೆರವಣಿಗೆಯಲ್ಲಿ ಕೂಗಿದರೆ ಯಾರಿಗೆ ಕೇಳಿಸೀತು!

ಹೊತ್ತು ಕಳೆಯಬೇಕಾದ ಜಾಗ ಕಲ್ಯಾಣ ಮಂಟಪ. ಎಂಟು ಮೂಲೆಯ ಮಂಟಪ, ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಗುಮ್ಮಟ. ಕಂಬಗಳ ಬುಡಕ್ಕೆ ಬಾಗಿ ನೋಡು. ಬಣ್ಣ ಬಳಿದಿರುವುದರಿಂದ ಮರವೋ ಗಾರೆಯೋ ಅನ್ನಿಸುತ್ತದೆ, ಆದರೆ ಅವು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು. ಸಣ್ಣ ಕಂಬ ದೊಡ್ಡ ಗುಮ್ಮಟವನ್ನು ಹೊರಲು ಸಾಧ್ಯವಾದದ್ದು ಇದರಿಂದಲೇ. ಕಲ್ಲಿನದಾಗಿದ್ದರೆ ಕಂಬ ದಪ್ಪಗಾಗಿ ಮಂಟಪದ ನೋಟ ಮುಚ್ಚಿಹೋಗುತ್ತಿತ್ತು. ನೆಲದ ಹೆಂಚುಗಳಲ್ಲೂ ನವಿಲೇ ಇದೆ. ಬಿಸಿಲು ನೆತ್ತಿಗೆ ಹತ್ತಿರ ಬಂದಾಗ ಗಾಜಿನ ಬಣ್ಣ ಚೆನ್ನಾಗಿ ಏಳುತ್ತದೆ, ಮೋಡವಿದ್ದರೆ ಮಂಕು.

ಸುತ್ತಲ ಗೋಡೆಯ 26 ದಸರಾ ಚಿತ್ರಗಳನ್ನು ಅಮ್ಮನಿಗೆ ನಿಧಾನವಾಗಿ ತೋರಿಸು. ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದ ಚಿತ್ರಗಳಿವು. ರುಮಾಲು ಸುತ್ತಿದ ರೀತಿ, ಕುದುರೆಯ ಜೂಲು, ಬ್ಯಾಂಡಿನವರ ಕೆನ್ನೆ, ಎಲ್ಲ ಬೇರೆಬೇರೆ. ಮೆರವಣಿಗೆ ಸಾಗುವ ದಿಕ್ಕಿನಲ್ಲೇ ನೀವೂ ನಡೆದರೆ ಕಥೆ ಕೂಡಿಕೊಳ್ಳುತ್ತದೆ.

ಮೇಲಿನ ದರ್ಬಾರ್ ಹಾಲ್ ವಿಶಾಲ, ಅಂಗಳದ ಕಡೆಗೆ ಪೂರ್ತಿ ತೆರೆದದ್ದು. ಅಲ್ಲಿ ಮೈದಾನವನ್ನು ಒಮ್ಮೆ ನೋಡಿ, ಖಾಸಗಿ ದರ್ಬಾರಿನ ಅಂಬಾವಿಲಾಸಕ್ಕೆ ನಡೆ. ಬೀಟೆಯ ಮರಕ್ಕೆ ದಂತ ಕೂರಿಸಿದ ಬಾಗಿಲು ಅಲ್ಲಿದೆ. ಮರವನ್ನು ಕೆತ್ತಿ ತೋಡಿ, ಆ ಗುಂಡಿಗೆ ಸರಿಯಾಗಿ ಕತ್ತರಿಸಿದ ದಂತವನ್ನು ಕೂರಿಸುವ ಕೆಲಸ ಅದು. ಬಳ್ಳಿಯ ಸಣ್ಣ ಕೊನೆಗಳು ಮರದಲ್ಲಿ ಮುಳುಗುವ ಜಾಗ ನೋಡು. ಕೈಯ ನಯ ಗೊತ್ತಾಗುವುದು ಅಲ್ಲೇ. ಮುಟ್ಟಬೇಡ, ಬೆವರು ತಗುಲಿ ತಗುಲಿ ದಂತ ಹಳದಿಯಾಗುತ್ತದೆ.

ರತ್ನ ಸಿಂಹಾಸನ ನೋಡಲೇಬೇಕೆಂದು ಅಮ್ಮ ಹೇಳಿದರೆ ಮೊದಲೇ ತಿಳಿಸಿಬಿಡು, ಅದು ವರ್ಷವಿಡೀ ಇರುವುದಿಲ್ಲ. ಬಿಡಿಭಾಗಗಳಾಗಿ ಭಂಡಾರದಲ್ಲಿದ್ದು, ನವರಾತ್ರಿಗೆ ಜೋಡಿಸುತ್ತಾರೆ. ಆ ದಿನಗಳಲ್ಲಿ ಖಾಸಗಿ ದರ್ಬಾರು ಇರುವುದರಿಂದ ಕೆಲವು ಹೊತ್ತು, ಕೆಲವು ದಿನ ಪ್ರವೇಶ ನಿಲ್ಲಿಸುತ್ತಾರೆ. ದಸರೆಗೆ ಹೋಗುವುದಾದರೆ ಹಿಂದಿನ ದಿನವೇ ವಿಚಾರಿಸಿಕೋ.

ಆದಷ್ಟೂ ಭಾನುವಾರವೇ ಹೋಗು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ಸುಮಾರು 97,000 ಬಲ್ಬುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ, ಮುಕ್ಕಾಲು ಗಂಟೆ ಉರಿಯುತ್ತವೆ. ಆರೂವರೆಗೇ ಹೋಗಿ ಪೂರ್ವದ ಕಡೆ, ಕಟ್ಟಡದಿಂದ ದೂರಕ್ಕೆ ನಿಂತುಕೋ. ಹತ್ತಿರ ಹೋದರೆ ಗೋಪುರ ತುಂಡಾಗುತ್ತದೆ. ಮೇ, ಜೂನ್‌ನಲ್ಲಾದರೆ ಏಳಕ್ಕೂ ಆಕಾಶದಲ್ಲಿ ನೀಲಿ ಉಳಿದಿರುತ್ತದೆ, ಡಿಸೆಂಬರ್‌ನಲ್ಲಿ ಕಗ್ಗತ್ತಲು. ಮೊಬೈಲ್ ತಾನೇ ಬೆಳಕು ಹೆಚ್ಚಿಸಿಕೊಂಡು ಬಲ್ಬುಗಳನ್ನೆಲ್ಲ ಒಂದೇ ಬಿಳಿ ಮುದ್ದೆ ಮಾಡಿಬಿಡುತ್ತದೆ. ಪರದೆಯಲ್ಲಿ ಗುಮ್ಮಟದ ಮೇಲೆ ಬೆರಳೊತ್ತಿ ಹೊಳಪನ್ನು ಕೆಳಗೆ ಎಳೆದರೆ ಒಂದೊಂದು ಸಾಲೂ ಬಿಡಿಯಾಗಿ ಬರುತ್ತದೆ. ಎರಡು ಚಿತ್ರ ತೆಗೆದಾದ ಮೇಲೆ ಮೊಬೈಲ್ ಜೇಬಿಗೆ ಹಾಕಿ, ಅಮ್ಮನ ಪಕ್ಕದಲ್ಲಿ ನಿಂತು ನೋಡು.

ನಿನ್ನ ಗೆಳೆಯ