ಕೊನೆಯ ಸಂಪುಟದಲ್ಲಿ ಚೀಟಿ ಇಟ್ಟುಹೋದವರಿಗೆ

ತುಮಕೂರಿನ ಗ್ರಂಥಾಲಯದ ‘ದಿ ರಿಟರ್ನ್ ಆಫ್ ದ ಕಿಂಗ್’ (ದುಷ್ಟ ಮಾಂತ್ರಿಕ ಉಂಗುರವೊಂದನ್ನು ನಾಶಮಾಡಲು ಹೊರಟವರ ಕತೆಯಾದ ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ನ ಮೂರನೆಯ, ಕೊನೆಯ ಸಂಪುಟ) ಪ್ರತಿಯೊಳಗೆ ಪೆನ್ಸಿಲ್‌ನಲ್ಲಿ ಗೀಚಿದ ಚೀಟಿ ಇಟ್ಟವರೇ, ನೀವು ಯಾರೋ ಏನೋ, ನಮ್ಮ ಓದುಗರ ಬಳಗದ ನಮಸ್ಕಾರ.

‘ಉಂಗುರ ಕರಗಿದ ಮೇಲೂ ಆರು ಅಧ್ಯಾಯ ಇವೆ, ಓಡಬೇಡಿ’ ಅಂದಿದ್ದೀರಿ. ಎಷ್ಟು ಸರಿ! ಯುದ್ಧ ಮುಗಿಯಿತಲ್ಲ ಅಂತ ಪುಟ ಹಾರಿಸಿದವರಿಗೇ ಆಮೇಲೆ ಎದೆಯೆಲ್ಲ ಖಾಲಿ ಖಾಲಿ. ಬೀಳ್ಕೊಡುಗೆಗೆಂದೇ ಲೇಖಕರು ಬಿಟ್ಟ ಜಾಗ ಅದು. ಗೆದ್ದು ಬಂದರೆ ಊರೇ ಕೆಟ್ಟಿರುತ್ತದೆ. ಊರು ಸರಿಹೋದರೂ ಉಂಗುರ ಹೊತ್ತು ನಡೆದ ಫ್ರೋಡೊಗೆ ಮಾತ್ರ ನೆಮ್ಮದಿಯಿಲ್ಲ. ದಿನಕ್ಕೊಂದೇ ಅಧ್ಯಾಯ, ಅದೂ ಬೆಳಗ್ಗೆ ಎಂದಿರಿ. ಕೊನೆಯದನ್ನು ರಾತ್ರಿ ಓದಿದರೆ ನಿದ್ದೆ ಹಾಳೇ ಸೈ.

ಅನುಬಂಧಗಳೂ ಆರು. ಮೊದಲನೆಯದರಲ್ಲಿ ರಾಜನಾದ ಅರಗಾರ್ನ್ ಮತ್ತು ಅವನ ರಾಣಿ ಆರ್ವೆನ್ ಕತೆ ಕೊನೆಮುಟ್ಟುತ್ತದೆ. ಎರಡನೆಯದರಲ್ಲಿ ಇಸವಿವಾರು ಪಟ್ಟಿ. ಉಳಿದ ಗೆಳೆಯರು ಮುಂದೆ ಏನಾದರು ಎಂಬುದು ಅದರ ತುದಿಯಲ್ಲಿದೆ. ಸದ್ಯಕ್ಕೆ ಇವೆರಡು ಸಾಕು. ಲಿಪಿ, ಭಾಷೆಯ ಭಾಗ ಹುಚ್ಚಿದ್ದವರಿಗೆ (ನಮ್ಮಲ್ಲೂ ಇಬ್ಬರಿದ್ದಾರೆ).

ತಕ್ಷಣ ಇನ್ನೊಂದು ದಪ್ಪ ಮಾಲಿಕೆಗೆ ಕೈ ಹಾಕಬೇಡಿ ಎಂದದ್ದಂತೂ ಲಾಖ್ ರೂಪಾಯಿ ಮಾತು. ಹೊಸದು ಎಷ್ಟೇ ಚೆನ್ನಾಗಿದ್ದರೂ ಹೋಲಿಕೆಯಲ್ಲೇ ಸಪ್ಪೆಯಾಗುತ್ತದೆ, ಪಾಪ, ಅದರ ತಪ್ಪೇನೂ ಇಲ್ಲ. ಒಂದು ವಾರ ಬರೀ ಸಣ್ಣಕತೆ, ಆಮೇಲೆ ಮೊದಲ ಸಂಪುಟದ ಮೊದಲ ಅಧ್ಯಾಯ. ಫ್ರೋಡೊನ ಹಿರಿಯ ಬಂಧು ಬಿಲ್ಬೊ ಹುಟ್ಟುಹಬ್ಬದ ಗದ್ದಲದಲ್ಲಿ ಹಿಂದೆ ಕಣ್ತಪ್ಪಿದ ಎಷ್ಟೋ ಸುಳಿವು ಈಗ ಸಿಗುತ್ತವೆ.