ಒಮ್ಮೆ ಆದ ದೀಕ್ಷಾಸ್ನಾನ ಮತ್ತೆ ಯಾಕೆ?

ಮಾನ್ಯ ಸಂಪಾದಕರೇ,

ನಮ್ಮ ಕ್ರೈಸ್ತ ಸಭೆಗಳ ನಡುವೆ ಈಗ ಜಾಸ್ತಿ ಮನಸ್ತಾಪ ತರುತ್ತಿರುವುದು ದೀಕ್ಷಾಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಬ್ಯಾಪ್ಟಿಸಂ ಸಂಸ್ಕಾರದ ವಿಷಯ. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಕೂಸಿಗೇ ದೀಕ್ಷಾಸ್ನಾನ ಕೊಡುತ್ತೇವೆ. ಪೆಂತೆಕೋಸ್ತ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳವರು, ತಿಳಿದು ನಂಬಿದವರಿಗೆ ಮಾತ್ರ, ಅದೂ ನೀರಿನಲ್ಲಿ ಮುಳುಗಿಸಿಯೇ ಕೊಡಬೇಕು ಎನ್ನುತ್ತಾರೆ. ಅವರ ವಾದಕ್ಕೂ ಬೈಬಲಿನ ಆಧಾರವಿದೆ, ನಮ್ಮದಕ್ಕೂ ಇದೆ. ವಾದ ಇರಲಿ. ಆದರೆ ಅದು ಮದುವೆ ಮಾತುಕತೆಗೆ ಬಂದು ನಿಂತರೆ ಏನು ಮಾಡುವುದು?

ನನ್ನ ತಂಗಿಯ ಮಗಳ ಮದುವೆ ಮಾತು ಹೀಗೇ ಮುರಿಯಿತು. ಎಲ್ಲ ಒಪ್ಪಿಗೆಯಾಗಿ ದಿನ ಗೊತ್ತುಮಾಡಲು ಕೂತಿದ್ದೆವು. ಹುಡುಗನ ಕಡೆಯ ಪಾಸ್ಟರ್, ‘ಹುಡುಗಿ ಮೊದಲು ನಮ್ಮಲ್ಲಿ ಸ್ನಾನ ತಗೊಳ್ಳಲಿ’ ಅಂದರು. ತಂಗಿ ಒಳಗೆ ಹೋಗಿ ಮಗಳ ದೀಕ್ಷಾಸ್ನಾನದ ಸರ್ಟಿಫಿಕೇಟ್ ತಂದು ಮುಂದಿಟ್ಟಳು. ಅವರು ಅದನ್ನು ಕೈಯಲ್ಲೂ ಹಿಡಿಯಲಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಆದದ್ದನ್ನು ಸುಮ್ನೆ ನೀರು ಚಿಮುಕಿಸಿದ್ದು ಅಂದರೆ ನೋವಾಗುವುದಿಲ್ಲವೇ?

ಹಾಗಂತ ತಪ್ಪೆಲ್ಲ ಒಂದೇ ಕಡೆಯದಲ್ಲ. ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟದ್ದಕ್ಕೆ ಜ್ಯೂರಿಕ್ ನಗರದಲ್ಲಿ 1527ರಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬಾತನನ್ನು ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದವರು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಪ್ರೊಟೆಸ್ಟಂಟರೇ. ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವವರ ನೆನಪಿನಲ್ಲಿ ಆ ಗಾಯ ಉಳಿದಿದ್ದರೆ ನಾವು ಅರ್ಥ ಮಾಡಿಕೊಳ್ಳಬೇಕು.

ಇಂಥ ಗಂಟು ಬಿಡಿಸಲು ನಮ್ಮ ದೇಶದಲ್ಲೇ ದಾರಿ ಹುಡುಕಿದ್ದಾರೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಬಿಷಪ್ ಅಜರಯ್ಯ ಮತ್ತಿತರರು ಸೇರಿ, ಬೇರೆ ಬೇರೆ ಸಭೆಗಳೆಲ್ಲ ಒಂದಾಗೋಣ ಅಂದರು. ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ, ಮದ್ರಾಸಿನಲ್ಲಿ. ಅಷ್ಟು ವರ್ಷ ಹಿಡಿದದ್ದಕ್ಕೆ ದೊಡ್ಡ ಕಾರಣ ಬಿಷಪ್ಪರ ಪ್ರಶ್ನೆ. ಕೆಲವು ಸಭೆಗಳಲ್ಲಿ ಬಿಷಪ್ಪರಿದ್ದರು, ಕೆಲವದರಲ್ಲಿ ಇರಲಿಲ್ಲ. ಬಿಷಪ್ಪರಿಂದ ಅಭಿಷೇಕವಾಗದ (ಸೇವೆಗೆ ನೇಮಿಸುವ ವಿಧಿ ಆಗದ) ಸಭಾಪಾಲಕರಿಗೆ ಮತ್ತೆ ಅಭಿಷೇಕ ಮಾಡಬೇಕೇ? ಬೇಡ, ಇದ್ದವರನ್ನು ಇದ್ದ ಹಾಗೇ ಒಪ್ಪೋಣ, ಮುಂದಿನವರಿಗೆ ಬಿಷಪ್ಪರೇ ಅಭಿಷೇಕ ಮಾಡಲಿ ಎಂದು ತೀರ್ಮಾನಿಸಿದರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪದ್ಧತಿಯನ್ನು ಹೇರುವುದಿಲ್ಲ ಎಂದು ಮಾತೂ ಕೊಟ್ಟರು. ಇಂಗ್ಲೆಂಡಿನಲ್ಲಿ ಹಲವರು ಸಿಟ್ಟಾದರು, ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ಹಲವರು ಹೊರಗೇ ಉಳಿದರು. ಆದರೂ ಹಿಂದೆ ಸರಿಯಲಿಲ್ಲ.

ದೀಕ್ಷಾಸ್ನಾನದ ವಿಷಯದಲ್ಲಂತೂ ಉತ್ತರ ಭಾರತದವರು ಇನ್ನೂ ಮುಂದೆ ಹೋದರು. 1970ರಲ್ಲಿ ನಾಗಪುರದಲ್ಲಿ ಸಿ.ಎನ್.ಐ. (ಉತ್ತರ ಭಾರತ ಸಭೆ) ಆದಾಗ ಬ್ಯಾಪ್ಟಿಸ್ಟರೂ ಸೇರಿದರು. ಕೂಸಿನ ದೀಕ್ಷಾಸ್ನಾನ, ದೊಡ್ಡವರ ದೀಕ್ಷಾಸ್ನಾನ ಎರಡಕ್ಕೂ ಒಂದೇ ಸಭೆಯಲ್ಲಿ ಜಾಗ ಸಿಕ್ಕಿತು. 1982ರಲ್ಲಿ ಪೆರು ದೇಶದ ಲೀಮಾದಲ್ಲಿ ಹಲವು ಪಂಗಡಗಳ ದೇವಶಾಸ್ತ್ರಜ್ಞರು ಒಪ್ಪಿದ ಹೇಳಿಕೆಯೂ ದೀಕ್ಷಾಸ್ನಾನವನ್ನು ಎರಡನೇ ಸಲ ಮಾಡಬಾರದು ಎನ್ನುತ್ತದೆ.

ಊರೂರಿನ ಪಾಸ್ಟರುಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಬೇರೆ ಸಭೆಯ ಹೆಣ್ಣೋ ಗಂಡೋ ಮದುವೆಗೆ ಬಂದಾಗ, ಮತ್ತೆ ಸ್ನಾನ ಎನ್ನುವ ಮೊದಲು ಅವರ ಸಭಾಪಾಲಕರ ಜೊತೆ ಒಮ್ಮೆ ಕೂತು ಮಾತಾಡಿ. ನಮ್ಮ ಸಿ.ಎಸ್.ಐ.ನವರಿಗೂ ಒಂದು ಕೆಲಸವಿದೆ. ಕೂಸಿಗೆ ದೀಕ್ಷಾಸ್ನಾನ ಯಾಕೆ ಕೊಡುತ್ತೇವೆ, ಮಕ್ಕಳು ದೊಡ್ಡವರಾದ ಮೇಲೆ ಸಭೆಯ ಮುಂದೆ ನಿಂತು ಮಾಡುವ ದೃಢೀಕರಣ ಯಾಕೆ ಎಂಬುದನ್ನು ಸಂಡೇ ಸ್ಕೂಲಿನಲ್ಲೇ ಸರಿಯಾಗಿ ಕಲಿಸಬೇಕು. ಅಂದು ತಂಗಿಯ ಮಗಳನ್ನು ಕೇಳಿದಾಗ ಅವಳಿಗೆ ಹೇಳಲು ಮಾತೇ ಸಿಗಲಿಲ್ಲ. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

– ಸಿ.ಎಸ್.ಐ. ಸಭೆಯ ಒಬ್ಬ ಸದಸ್ಯ, ಧಾರವಾಡ