ಭಾನುವಾರ ಗೊರೂರಿಗೆ: ಹಾಯಿದೋಣಿ ಮಾದರಿ ತರುವವರ ಗಮನಕ್ಕೆ

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 7ಕ್ಕೆ ಹಾಸನ ಬಸ್ ಸ್ಟ್ಯಾಂಡ್ ಹತ್ರ ಸೇರಿ ಗೊರೂರು ಹಿನ್ನೀರಿಗೆ ಹೊರಡೋದು. ಈ ಸಲದ ಮಾದರಿ ಜೆ/24 ಅನ್ನೋ ಹಾಯಿದೋಣಿಯದ್ದು. ಅಸಲಿ ದೋಣಿಯನ್ನು 1970ರ ದಶಕದಲ್ಲಿ ಅಮೆರಿಕದ ರಾಡ್ ಜಾನ್‌ಸ್ಟೋನ್ ತಮ್ಮ ಗ್ಯಾರೇಜಿನಲ್ಲೇ ಕಟ್ಟಿದ್ದು!

"ಹರಿಗೋಲಿಗೆ ಕೀಲ್ (ದೋಣಿಯ ತಳದಲ್ಲಿರೋ ರೆಕ್ಕೆಯಂಥ ಭಾರದ ಹಲಗೆ) ಇಲ್ಲ, ಇದಕ್ಯಾಕೆ?" ಅಂತ ಮೊನ್ನೆ ಕೇಳಿದವರಿಗೆ: ಹರಿಗೋಲಿಗೆ ಗಾಳಿ ಹೊಡೆದ್ರೆ ಬುಗುರಿ ಥರ ಸುತ್ತುತ್ತೆ, ಗಾಳಿ ಹೋದ ಕಡೆ ಹೋಗುತ್ತೆ. ಇಲ್ಲಿ ತಳದಿಂದ ಇಳಿಬಿಟ್ಟ ಕೀಲ್ ಪಕ್ಕಕ್ಕೆ ಜಾರೋಕೆ ಬಿಡಲ್ಲ. ಅದಕ್ಕೇ ದೋಣಿ ಗಾಳಿಗೆ ಓರೆಯಾಗಿ ಎದುರು ನುಗ್ಗುತ್ತೆ. ಅಸಲಿ ದೋಣಿಯ ಒಟ್ಟು ತೂಕ ಸುಮಾರು 1400 ಕೆಜಿ, ಅದರಲ್ಲಿ 430 ಕೆಜಿಯಷ್ಟು ಕೀಲಿನದ್ದೇ. ಗಾಳಿಗೆ ವಾಲಿದಾಗ ಆ ಭಾರ ಮತ್ತೆ ಎತ್ತಿ ನಿಲ್ಸೋಕೆ ನೋಡುತ್ತೆ.

24 ಅಡಿ ಉದ್ದ. ಕ್ಯಾಬಿನ್ನಿನಲ್ಲಿ ನಾಲ್ಕು ಜನ ಮಲಗಬಹುದು, ನೆಟ್ಟಗೆ ನಿಲ್ಲೋಕಾಗಲ್ಲ. ಪ್ರವಾಸಕ್ಕೂ ರೇಸಿಗೂ ಒಂದೇ ದೋಣಿ ಬೇಕು ಅಂದ್ರೆ ತಲೆ ಬಗ್ಗಿಸಲೇಬೇಕು, ಪಾಪ.

ಹೋದ ಸಲ ನಾನು ನನ್ನ ಮಾದರಿಯ ಕೀಲಿಗೆ ಸೀಸದ ಗುಂಡುಗಳನ್ನ ಮರದ ಅಂಟಿನಲ್ಲಿ ಅಂಟಿಸಿ, ಹತ್ತೇ ನಿಮಿಷಕ್ಕೆ ಅಂಟು ಬೆಳ್ಳಗೆ ಕರಗಿ ದೋಣಿ ಮಕಾಡೆ ಮಲಗಿತ್ತು. ನೀರಿಗೆ ಕರಗದ ಎಪಾಕ್ಸಿ ಅಂಟನ್ನೇ ಹಾಕಿ, ಶನಿವಾರ ಸಂಜೆಯೊಳಗೆ ಒಣಗಲಿ.

ಲೈಫ್ ಜಾಕೆಟ್ ಇಲ್ಲದೆ ಮಕ್ಕಳನ್ನ ದಡದ ಹತ್ರ ಬಿಡಬೇಡಿ. ತಿಂಡಿ ದಾರೀಲೇ. ಬರೋರು ಇಲ್ಲೇ ಹೆಸರು ಹಾಕಿ.